ಬೆಕ್ಕಿನ ಅಜೀರ್ಣದ ನಿದಾನ

ಬೆಕ್ಕಿಗೆ ಸಂಸ್ಕೃತದಲ್ಲಿ ಮಾರ್ಜಾರವೆಂಬ ಹೆಸರು ಬಂದುದು ‘ಮೃಜ್’ ಎಂಬ ಧಾತುವಿನಿಂದ. ಉಜ್ಜುವುದು, ಒರಸಿ ಶುದ್ಧಿಮಾಡುವುದು ಎಂದು ಅದರ ಅರ್ಥ. ನಿದ್ರೆ ಬಿಟ್ಟೆದ್ದ ಕೂಡಲೇ ಮೈ ನೆಕ್ಕಿಕೊಳ್ಳಲು ತೊಡಗುವ ಪ್ರಾಣಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಅಮರಸಿಂಹನು ತನ್ನ ಕೋಶದಲ್ಲಿ ಇದಕ್ಕೆ ಆಖುಭುಕ್ ಎಂಬ ಇನ್ನೊಂದು ಹೆಸರನ್ನೂ ಹೇಳಿದ್ದಾನೆ. ಇಲಿಯನ್ನು ತಿಂದು ಬದುಕುವುದು ಎಂದು ತಾತ್ಪರ್ಯ. ಒಂದು ಹೆಸರು ಅದರ ನಾಲಿಗೆಯ ಸ್ವಭಾವವನ್ನು ತಿಳಿಸುತ್ತದೆ, ಮತ್ತೊಂದು ಅದರ ಹೊಟ್ಟೆಯ ಸ್ವಭಾವವನ್ನು. ನಾವೋ, ಈ ಎರಡನ್ನೂ ಮರೆತು, ಬೆಕ್ಕೆಂದರೆ ಹಾಲು ಕುಡಿಯುವ ಪ್ರಾಣಿ ಎಂಬ ಮೂರನೆಯ ಲಕ್ಷಣವೊಂದನ್ನು ಕಲ್ಪಿಸಿಕೊಂಡು ಮಕ್ಕಳ ಚಿತ್ರಪುಸ್ತಕಗಳಲ್ಲಿಯೂ ಅದನ್ನೇ ಬರೆಯಿಸಿರುತ್ತೇವೆ.

ಒಂದು ದಿನ ಒಂದು ಸಲ ವಾಂತಿಮಾಡಿ ಮರುಗಳಿಗೆಯಲ್ಲಿ ಆಡುತ್ತ ಹೋಗುವ ಬೆಕ್ಕಿನ ವಿಷಯವನ್ನು ನಾವಿಲ್ಲಿ ಬರೆಯುತ್ತಿಲ್ಲ. ಅದು ಎಲ್ಲ ಮನೆಗಳಲ್ಲಿಯೂ ಇದ್ದದ್ದೇ. ವಾಂತಿಯೋ ಭೇದಿಯೋ ಬಂದು, ವಾಸಿಯಾಯಿತೆನ್ನುವಷ್ಟರಲ್ಲಿ ಪುನಃ ಬಂದು, ಹೀಗೆ ಮೂರು ವಾರಗಳಿಗೆ ಮೀರಿ ಬೆನ್ನು ಬಿಡದಿದ್ದರೆ ಅದನ್ನು ದೀರ್ಘರೋಗವೆಂದೇ ಎಣಿಸತಕ್ಕದ್ದು. ಅಂಥದಕ್ಕೆ ಪ್ರತಿಯೊಂದು ಸಲವೂ ಒಂದೊಂದು ಮದ್ದನ್ನು ಹಾಕುತ್ತ ಹೋಗುವುದರಿಂದ ಪ್ರಯೋಜನವಿಲ್ಲ. ಅದರ ನಿದಾನವನ್ನು ಹುಡುಕಬೇಕು.

ನಿದಾನವೆಂಬ ಮಾತನ್ನು ಅಲ್ಪಪ್ರಾಣದ ದಕಾರದಿಂದಲೇ ಓದಬೇಕೆಂದು ವಾಚಕರಲ್ಲಿ ವಿಜ್ಞಾಪನೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರ ಬರಹದಲ್ಲಿ ‘ನಿದಾನ’ವನ್ನೂ ‘ನಿಧಾನ’ವನ್ನೂ ತಿದ್ದುತ್ತ ಬಂದ ನಮಗೆ ಈ ಚಪಲ ಇನ್ನೂ ಹೋಗಿಲ್ಲ. ನಿದಾನವೆಂದರೆ ರೋಗದ ಮೂಲಕಾರಣ. ನಿಧಾನವೆಂದರೆ ಕನ್ನಡದಲ್ಲಿ ತಾಳ್ಮೆ, ಸಾವಕಾಶ. ಬೆಕ್ಕಿನ ವಿಷಯದಲ್ಲಿ ಮೊದಲನೆಯದು ಸಿಕ್ಕಬೇಕಾದರೆ ಎರಡನೆಯದು ಬೇಕೇ ಬೇಕು. ನಮ್ಮ ಆಯುರ್ವೇದದ ಗ್ರಂಥಗಳಲ್ಲಿ ರೋಗವನ್ನು ಅರಿಯುವುದಕ್ಕೆ ಐದು ಉಪಾಯಗಳನ್ನು ಹೇಳಿದ್ದಾರೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಇವುಗಳಲ್ಲಿ ಉಪಶಯವೆಂಬುದು ಪ್ರಕೃತಕ್ಕೆ ಬಹಳ ಮುಖ್ಯವಾದುದು. ರೋಗ ಇಂಥದೆಂದು ಗೊತ್ತಾಗದೆ ಮರೆಯಾಗಿರುವಾಗ, ಒಂದು ಆಹಾರವನ್ನೋ ಔಷಧವನ್ನೋ ಕೊಟ್ಟು ಅಥವಾ ಬಿಡಿಸಿ, ಅದರಿಂದ ಹಿತವಾಯಿತೆ ಅಹಿತವಾಯಿತೆ ಎಂಬುದನ್ನು ಕಂಡು ರೋಗವನ್ನು ನಿರ್ಧರಿಸುವುದೇ ಉಪಶಯ. ಈಗಿನ ಪಶುವೈದ್ಯರು ಬೆಕ್ಕಿಗೆ ಪಥ್ಯಪರೀಕ್ಷೆ ಮಾಡಿಸುವ ಕ್ರಮವೂ ಇದೇ ಜಾತಿಯದು.

ಆದರೆ ಸಾವಕಾಶವು ಸರ್ವಥಾ ಸಲ್ಲದ ಕೆಲವು ಸಂದರ್ಭಗಳಿವೆ. ಅವನ್ನು ಮೊದಲೇ ಹೇಳಿಬಿಡುತ್ತೇವೆ. ಗಂಡು ಬೆಕ್ಕು ಮತ್ತೆ ಮತ್ತೆ ಕುಕ್ಕುರುಗಾಲಲ್ಲಿ ಕುಳಿತು ಮುಕ್ಕುತ್ತಿದ್ದರೆ ಮನೆಯವರು ಮಲಬದ್ಧತೆಯೆಂದು ತಿಳಿದು ಹರಳೆಣ್ಣೆಯನ್ನು ಹುಡುಕುತ್ತಾರೆ. ಅದು ಅನೇಕ ವೇಳೆ ಮೂತ್ರ ಕಟ್ಟಿರುವುದರ ಗುರುತು. ಕಟ್ಟಿದ ಮೂತ್ರ ಬಿಡದಿದ್ದರೆ ಎರಡು ಮೂರು ದಿನಗಳಲ್ಲಿ ಪ್ರಾಣವೇ ಹೋಗುವುದು. ಆದುದರಿಂದ ಮುಕ್ಕುವ ಬೆಕ್ಕು ಮೂತ್ರ ಮಾಡಿತೇ ಎಂಬುದನ್ನು ಮೊದಲು ನೋಡಬೇಕು. ಮಾಡದಿದ್ದರೆ ಆಗಲೇ, ರಾತ್ರಿಯಾಗಿದ್ದರೂ, ವೈದ್ಯರಲ್ಲಿಗೆ ಒಯ್ಯಬೇಕು. ನೀರನ್ನೂ ಉಳಿಸಿಕೊಳ್ಳದೆ ಕಾರುತ್ತಿರುವುದು, ಮಲವು ಟಾರಿನಂತೆ ಕಪ್ಪಾಗಿರುವುದು, ವಸಡು ಬಿಳಿಚಿಕೊಂಡಿರುವುದು ಅಥವಾ ಹಳದಿಯಾಗಿರುವುದು, ಇವೂ ಹಾಗೆಯೇ. ಲಸಿಕೆ ಹಾಕಿಸದ ಮರಿಗೆ ಜ್ವರ, ವಾಂತಿ, ಭೇದಿ ಒಟ್ಟಿಗೆ ಬಂದರೆ ಪ್ಯಾನ್‌ಲ್ಯುಕೋಪೇನಿಯ ಎಂಬ ಸಾಂಕ್ರಾಮಿಕವೆಂದು ಶಂಕಿಸಬೇಕು. ಅದು ಒಂದೆರಡು ದಿನಗಳಲ್ಲಿ ಮರಿಯನ್ನು ಕೊಲ್ಲಬಲ್ಲುದು.

ಹೂವಿನ ದಾರದ ವಿಷಯವನ್ನು ನಮ್ಮ ಸೋದರಿಯರಿಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಬಾಡಿದ ಮಲ್ಲಿಗೆಯ ದಂಡೆಯನ್ನು ಮುಡಿಯಿಂದ ತೆಗೆದು ಕಿಟಕಿಯ ಮೇಲಿಡುತ್ತೇವೆ. ದೇವರ ನಿರ್ಮಾಲ್ಯವನ್ನು ಗಿಡದ ಬುಡದಲ್ಲಿ ಹಾಕುತ್ತೇವೆ. ಬೆಕ್ಕಿಗೆ ದಾರವೆಂದರೆ ಆಟ. ಅದರ ನಾಲಿಗೆಯ ಮೇಲಿನ ಮುಳ್ಳುಗಳೆಲ್ಲವೂ ಗಂಟಲಿನ ಕಡೆಗೆ ಬಾಗಿರುವುದರಿಂದ ಒಮ್ಮೆ ಬಾಯೊಳಗೆ ಸಿಕ್ಕಿಕೊಂಡ ದಾರವನ್ನು ಅದು ಉಗುಳಲಾರದು, ನುಂಗುತ್ತಲೇ ಹೋಗುವುದು. ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಮತ್ತೊಂದು ತುದಿ ಕರುಳಿನಲ್ಲಿ ಇಳಿದರೆ, ಕರುಳು ಲಂಗದ ನೆರಿಗೆಯಂತೆ ಮುದುಡಿಕೊಂಡು ಕೊನೆಗೆ ಹರಿಯುವ ಭಯವುಂಟು. ಹಿಂಭಾಗದಲ್ಲಿ ದಾರದ ತುದಿ ಕಾಣಿಸಿದರೆ ಅದನ್ನು ಎಷ್ಟು ಮಾತ್ರಕ್ಕೂ ಎಳೆಯಕೂಡದು. ಹೊಲಿಗೆಯ ನೂಲಿಗೂ, ಅದರಲ್ಲಿಯೂ ಸೂಜಿಯಿರುವ ನೂಲಿಗೂ, ಈ ಮಾತು ಇನ್ನಷ್ಟು ಅನ್ವಯಿಸುವುದು.

ಅಜೀರ್ಣಕ್ಕೆ ಲಂಘನವೇ ಮದ್ದೆಂದು ನಾವೆಲ್ಲರೂ ಬಾಲ್ಯದಿಂದ ಕೇಳಿದವರು. ಮನುಷ್ಯರಿಗೆ ಅದು ಹೇಗಾದರೂ ಇರಲಿ, ಬೆಕ್ಕಿಗೆ ದಿನಗಟ್ಟಲೆ ಲಂಘನವು ವಿಷಸಮಾನ. ಎರಡು ಮೂರು ದಿನ ಆಹಾರವಿಲ್ಲದಿದ್ದರೆ, ವಿಶೇಷವಾಗಿ ದಪ್ಪನಾದ ಬೆಕ್ಕಿನಲ್ಲಿ, ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ಬಂದು ಶೇಖರವಾಗಿ ಯಕೃತ್ತು ಕೆಲಸ ನಿಲ್ಲಿಸುವುದು. ತಾನಾಗಿಯೇ ಒಂದು ದಿನ ಪೂರ್ತಿ ಏನನ್ನೂ ಮುಟ್ಟದ ಬೆಕ್ಕನ್ನು ‘ಹೊಟ್ಟೆಗೆ ವಿಶ್ರಾಂತಿ ಸಿಕ್ಕಿತು’ ಎಂದು ಸುಮ್ಮನೆ ಬಿಡಬಾರದು. ಮನೆಯ ಮಾತ್ರೆಗಳ ಡಬ್ಬಿಯನ್ನಂತೂ ಅದರ ಹತ್ತಿರಕ್ಕೂ ತರಬಾರದು. ನಾವು ತಲೆನೋವಿಗೂ ಜ್ವರಕ್ಕೂ ನುಂಗುವ ಪ್ಯಾರಸಿಟಮಾಲ್ ಮಾತ್ರೆಯನ್ನು ಜೀರ್ಣಿಸಿ ಹೊರಕ್ಕೆ ಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು. ಒಂದು ಮಾತ್ರೆಯೇ ಕೊಲ್ಲಲು ಸಾಕು.

ಇನ್ನು ಪ್ರಕೃತಕ್ಕೆ ಬರೋಣ. ನಿದಾನವನ್ನು ಹುಡುಕುವವನು ಮೊದಲು ರೂಪವನ್ನು ಸರಿಯಾಗಿ ನೋಡಬೇಕು. ‘ಬೆಕ್ಕು ಕಕ್ಕಿತು’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಅಡಗಿವೆ. ಹೊಟ್ಟೆ ಎಕ್ಕಳಿಸಿ, ಪಕ್ಕೆ ಅಲುಗಾಡಿ, ಶಬ್ದಮಾಡಿ ಕಾರಿದರೆ ಅದು ವಮನ. ಅದರ ಮೂಲ ಹೊಟ್ಟೆಯಲ್ಲಿಯೋ ಕರುಳಿನಲ್ಲಿಯೋ ರಕ್ತದಲ್ಲಿಯೋ ಇರಬಹುದು. ತಿಂದ ಸ್ವಲ್ಪ ಹೊತ್ತಿನಲ್ಲಿಯೇ, ಯಾವ ಪ್ರಯಾಸವೂ ಇಲ್ಲದೆ, ತಿಂದದ್ದು ತಿಂದಂತೆಯೇ ಬಾಯಿಂದ ಜಾರಿಬಿದ್ದರೆ ಅದು ಹೊಟ್ಟೆಯವರೆಗೆ ಇಳಿದೇ ಇಲ್ಲ. ಅನ್ನನಾಳದ ದೋಷವಾಗಿರಬಹುದು, ಅಥವಾ ಪಕ್ಕದ ಬೆಕ್ಕು ಕಸಿದುಕೊಂಡೀತೆಂಬ ಹೆದರಿಕೆಯಿಂದ ಗಬಗಬನೆ ನುಂಗಿದ್ದೂ ಆಗಿರಬಹುದು. ಎರಡನೆಯದಕ್ಕೆ ಮದ್ದು ಬೇಡ, ಬೇರೆ ತಟ್ಟೆ ಸಾಕು. ಭೇದಿಯಲ್ಲಿಯೂ ಎರಡು ಬಗೆ. ದಿನಕ್ಕೆ ಎರಡು ಮೂರು ಸಲ ಮಾತ್ರ, ಆದರೆ ಪ್ರತಿ ಸಲವೂ ಬಹಳವಾಗಿ ನೀರುನೀರಾಗಿ ಹೋಗಿ, ಬೆಕ್ಕು ಇಳಿದುಹೋಗುತ್ತಿದ್ದರೆ ಸಣ್ಣ ಕರುಳಿನ ತೊಂದರೆ. ಮತ್ತೆ ಮತ್ತೆ ಸ್ವಲ್ಪಸ್ವಲ್ಪವೇ, ಮುಕ್ಕಿ ಮುಕ್ಕಿ, ಲೋಳೆಯೋ ಕೆಂಪು ರಕ್ತದ ಗೆರೆಯೋ ಕೂಡಿ ಬಂದರೆ ದೊಡ್ಡ ಕರುಳಿನದು. ಇಷ್ಟನ್ನು ಗಮನಿಸಿ ಹೇಳಿದರೆ ವೈದ್ಯರ ಅರ್ಧ ಗಂಟೆ ಉಳಿಯುವುದು.

ಮಾರ್ಜಾರವೆಂಬ ಹೆಸರಿಗೆ ಕಾರಣವಾದ ನಾಲಿಗೆಯೇ ಒಂದು ನಿದಾನ. ನೆಕ್ಕಿದಾಗ ಸಡಿಲವಾದ ಕೂದಲೆಲ್ಲ ಹೊಟ್ಟೆಗೆ ಹೋಗುವುದು. ಬಹುಭಾಗ ಮಲದಲ್ಲಿ ಹೊರಟುಹೋಗುವುದು, ಮಿಕ್ಕದ್ದು ಉಂಡೆಗಟ್ಟಿ ಯಾವಾಗಲೋ ಒಮ್ಮೆ ಬಾಯಿಂದ ಬರುವುದು. ಉದ್ದ ಕೂದಲಿನ ಪಾರಸಿ ಬೆಕ್ಕಿಗೆ ಇದು ಸಾಮಾನ್ಯ. ಆದರೆ ನಮ್ಮ ನಾಡಬೆಕ್ಕಿನಂತಹ ಗಿಡ್ಡ ಕೂದಲಿನದು ವಾರವಾರವೂ ಕೂದಲನ್ನು ಕಾರುತ್ತಿದ್ದರೆ ‘ಕೂದಲಿನ ಉಂಡೆ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಚಿಗಟದ ಕಡಿತದಿಂದ ಮೈ ನವೆಯಾಗಿ ಅತಿಯಾಗಿ ನೆಕ್ಕುತ್ತಿರಬೇಕು, ಇಲ್ಲವೆ ಕರುಳಿನ ಚಲನೆಯೇ ಕೆಟ್ಟಿರಬೇಕು.

ಹುಳುಗಳ ಮಾತನ್ನು ಎಲ್ಲರೂ ಬಲ್ಲರು; ಆದರೆ ಬಲ್ಲುದು ಅರ್ಧ. ಜಂತುಹುಳು ತಾಯಿಯ ಹಾಲಿನಿಂದಲೇ ಮರಿಗೆ ಬರುವುದು. ದೊಡ್ಡ ಬೆಕ್ಕಿಗೆ ಇಲಿಯನ್ನು ತಿಂದರೂ ಬರುವುದು. ಲಾಡಿಹುಳು ಬರುವುದು ಮೈ ನೆಕ್ಕುವಾಗ ನುಂಗಿದ ಚಿಗಟದಿಂದ, ಇಲ್ಲವೆ ಬೇಟೆಯ ಇಲಿಯಿಂದ. ಬಾಲದ ಬುಡದಲ್ಲಿ ಅಕ್ಕಿಕಾಳಿನಂತೆ ಅಂಟಿಕೊಂಡಿರುವುದು ಅದರ ತುಂಡುಗಳು. ಜಂತುಹುಳುವಿಗೆ ಕೊಡುವ ಪೈರಂಟೆಲ್ ಎಂಬ ಔಷಧವು ಲಾಡಿಹುಳುವನ್ನು ಮುಟ್ಟುವುದಿಲ್ಲ. ಅದಕ್ಕೆ ಪ್ರಾಜಿಕ್ವಾಂಟೆಲ್ ಬೇಕು. ಚಿಗಟವನ್ನು ನಿವಾರಿಸದೆ ಲಾಡಿಹುಳುವಿಗೆ ಮಾತ್ರ ಔಷಧ ಹಾಕುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ. ಇವಲ್ಲದೆ ಬರಿಯ ಕಣ್ಣಿಗೆ ಕಾಣದ ಜಿಯಾರ್ಡಿಯ ಮೊದಲಾದ ಏಕಕೋಶ ಜೀವಿಗಳೂ ಭೇದಿಯನ್ನುಂಟುಮಾಡುತ್ತವೆ. ಇವಕ್ಕೆ ಸಾಮಾನ್ಯವಾದ ಹುಳುವಿನ ಮದ್ದು ತಾಗದಿರುವುದುಂಟು. ಒಂದು ದಿನದ ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಏನೂ ಇಲ್ಲವೆಂದರೆ ಅಷ್ಟರಿಂದಲೇ ನಿಶ್ಚಿಂತೆಯಿಲ್ಲ, ಏಕೆಂದರೆ ಇವು ದಿನವೂ ಹೊರಬೀಳುವುದಿಲ್ಲ. ಬೇರೆ ಬೇರೆ ದಿನಗಳ ಮೂರು ಮಾದರಿಗಳನ್ನು ನೋಡಿಸಬೇಕು.

ಈಗ ನಮ್ಮ ಬೀದಿಯಲ್ಲಿಯೇ ನಡೆದ ಒಂದು ಸಂಗತಿಯನ್ನು ತಿಳಿಸುತ್ತೇವೆ. ಮೈಸೂರಿನ ಹಳೆಯ ಅಗ್ರಹಾರವೊಂದರಲ್ಲಿ ಆಚಾರವಂತರಾದ ಗೃಹಸ್ಥರೊಬ್ಬರ ಮನೆ. ಎಂಬತ್ತು ದಾಟಿದ ತಾಯಿ, ಮಗ, ಸೊಸೆ, ಹೈಸ್ಕೂಲಿನಲ್ಲಿ ಓದುವ ಮೊಮ್ಮಗ. ಇವರ ಜೊತೆಗೆ ಬೆಳ್ಳಿ ಎಂಬ ಹೆಸರಿನ ಮೂರು ವರ್ಷದ ಬಿಳಿಯ ಬೆಕ್ಕು. ಬೆಳ್ಳಿಗೆ ನಡುನಡುವೆ ಭೇದಿಯಾಗುತ್ತಿತ್ತು. ಒಂದು ದಿನ, ಒಂದೂವರೆ ದಿನ, ಆಮೇಲೆ ತಾನಾಗಿ ನಿಲ್ಲುವುದು. ಕೆಲವು ದಿನಗಳಾದ ಮೇಲೆ ಪುನಃ. ಹಜಾರ, ಹಿತ್ತಿಲಿನ ಕಟ್ಟೆ, ಒಮ್ಮೆ ದೇವರ ಮನೆಯ ಹೊಸ್ತಿಲು, ಎಲ್ಲಿ ಎಂಬ ಗೊತ್ತಿಲ್ಲ. ಮಡಿಯ ಮನೆಯಲ್ಲಿ ಇದೆಂತಹ ಸಂಕಟವೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಬೆಳ್ಳಿಯ ಬೆನ್ನೆಲುಬು ಕೈಗೆ ಸಿಕ್ಕುವಂತಾಯಿತು. ಕೊನೆಗೆ ಗೃಹಸ್ಥರು ಅದನ್ನು ಗೋಣೀಚೀಲದಲ್ಲಿ ಹಾಕಿ ಮಾರುಕಟ್ಟೆಯ ಹತ್ತಿರ ಬಿಟ್ಟುಬರುವುದೆಂದು ನಿಶ್ಚಯಿಸಿದರು. ಹಾಗೆ ಬಿಡುವುದು ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯಂತೆ ಅಪರಾಧವಾಗಬಹುದೆಂದು ನಾವು ಹೇಳಿದೆವು. ಅವರು, “ಮೇಷ್ಟ್ರೇ, ಕಾಯಿದೆ ಬಂದು ನಮ್ಮ ಹಜಾರ ಸಾರಿಸುತ್ತದೆಯೇ?” ಎಂದರು. ಮೊಮ್ಮಗನು ಎರಡು ದಿನ ಅವರೊಡನೆ ಮಾತಾಡಲಿಲ್ಲ.

ಅದಕ್ಕೆ ಮೊದಲು ಅವರು ಪ್ರಯತ್ನ ಮಾಡಿರಲಿಲ್ಲವೆಂದಲ್ಲ. ಒಂದು ಸಲ ಜೀರಿಗೆಯ ಕಷಾಯವನ್ನು ಹಾಕಿದರು. ವಾಸಿಯಾಗಿ ಹನ್ನೆರಡು ಹದಿಮೂರು ದಿನ ಚೆನ್ನಾಗಿತ್ತು. ಪುನಃ ಬಂದಿತು. ಹುಳುವಿನ ಔಷಧ ಹಾಕಿಸಿದರು. ಮತ್ತೆ ಅಷ್ಟೇ ದಿನ ಗುಣ. ಮತ್ತೊಂದು ಸಲ ಯಾರೋ ಮಂತ್ರಿಸಿಕೊಟ್ಟ ದಾರವನ್ನು ಕೊರಳಿಗೆ ಕಟ್ಟಿದರು. ಅದಕ್ಕೂ ಅಷ್ಟೇ ಗುಣ ಕಂಡಿತು! ಇದನ್ನೇ ನಮ್ಮ ತಾರ್ಕಿಕರು ಕಾಕತಾಲೀಯವೆಂದು ಕರೆಯುವುದು. ಕಾಗೆ ಬಂದು ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಕಾರ್ಯಕಾರಣ ಸಂಬಂಧವಿಲ್ಲ. ಬೀಳುವ ಹಣ್ಣು ಬಿದ್ದಿತು. ತಾನಾಗಿ ನಿಂತು ಕೆಲವು ದಿನಗಳ ಮೇಲೆ ತಾನಾಗಿ ಬರುವ ರೋಗಕ್ಕೆ ಏನನ್ನು ಕೊಟ್ಟರೂ ಅದು ಮೊದಲ ಸಲ ದಿವ್ಯೌಷಧವಾಗಿಯೇ ತೋರುವುದು. ಪಶುವೈದ್ಯರು ಮಾತ್ರ ಮಲವನ್ನು ಪರೀಕ್ಷಿಸಿ, ಹುಳುವಿನ ಮೊಟ್ಟೆ ಕಾಣುವುದಿಲ್ಲವೆಂದೂ, ಇನ್ನೆರಡು ಮಾದರಿಗಳನ್ನು ತರಬೇಕೆಂದೂ, ರೋಗ ಬಂದ ದಿನಗಳನ್ನೂ ತಿನ್ನಿಸಿದ ಪದಾರ್ಥಗಳನ್ನೂ ಬರೆದಿಡಬೇಕೆಂದೂ ಹೇಳಿದ್ದರು. ಈ ಮಾತನ್ನು ಪಾಲಿಸಿದವನು ಹುಡುಗನೊಬ್ಬನೇ.

ಅವನು ತನ್ನ ಗಣಿತದ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಏಳು ತಾರೀಖುಗಳನ್ನು ಬರೆದುಕೊಂಡು ನಮ್ಮಲ್ಲಿಗೆ ಬಂದನು. ಮೂರೂವರೆ ತಿಂಗಳಲ್ಲಿ ಏಳು ಸಲ. “ತಾತ, ವಾರವೂ ಒಂದಿಲ್ಲ, ತಾರೀಖೂ ಒಂದಿಲ್ಲ, ಲೆಕ್ಕವೇ ಕೂಡುವುದಿಲ್ಲ” ಎಂದನು. ಏಳರ ನಡುವಣ ಅಂತರವನ್ನು ಎಣಿಸಿದೆವು. ಹದಿನಾಲ್ಕು, ಹದಿನೈದು, ಹದಿನೈದು, ಹದಿನಾಲ್ಕು, ಹೀಗೆಯೇ. ಇಷ್ಟಾದ ಮೇಲೆ ಗೋಡೆಯ ಮೇಲಿದ್ದ ಪಂಚಾಂಗವನ್ನು ಕೆಳಕ್ಕಿಳಿಸುವುದೊಂದೇ ಉಳಿದಿತ್ತು. ಏಳಕ್ಕೆ ಐದು ತಾರೀಖುಗಳು ದ್ವಾದಶಿ, ಎರಡು ಏಕಾದಶಿಯ ರಾತ್ರಿ. ಅವನ ತಾಯಿಯು ಇದನ್ನು ಆರಂಭದಿಂದಲೂ ಹೇಳುತ್ತಲೇ ಇದ್ದಳಂತೆ: “ಪಾರಣೆಯ ಅವಸರದ ದಿನವೇ ಈ ಬೆಕ್ಕಿಗೆ ಹೀಗಾಗಬೇಕೆ?” ಎಂದು. ಹೆಂಗಸರ ಗೊಣಗಾಟವೆಂದು ಎಲ್ಲರೂ ಬಿಟ್ಟುಬಿಟ್ಟಿದ್ದರು.

ಏಕಾದಶಿಯ ದಿನ ಆ ಮನೆಯಲ್ಲಿ ಅನ್ನವಿಲ್ಲ. ಮಿಕ್ಕ ದಿನಗಳಲ್ಲಿ ಬೆಳ್ಳಿಗೆ ಹೊತ್ತುಹೊತ್ತಿಗೆ ಮೊಸರನ್ನ. ಆ ದಿನ ಅನ್ನವಿಲ್ಲದ್ದರಿಂದ ಅಜ್ಜಿಯವರು ತಾವು ಕುಡಿಯುವ ಹಾಲಿನಲ್ಲಿಯೇ ಒಂದು ದೊಡ್ಡ ಬಟ್ಟಲನ್ನು ತುಂಬಿ ಅದರ ಮುಂದಿಡುತ್ತಿದ್ದರು. ಮಿಕ್ಕವರೆಲ್ಲ ಹೊರಗೆ ಹೋದ ಮೇಲೆ ಮನೆಯಲ್ಲಿ ಉಳಿಯುವ ಉಪವಾಸಿಗಳು ಇವರಿಬ್ಬರೇ. ಇಲ್ಲಿ ಅವಸರಪಡದೆ ಇನ್ನೊಂದು ಪಕ್ಷವನ್ನೂ ವಿಚಾರಿಸಬೇಕಾಗಿತ್ತು. ಸೊಸೆಯ ವಾದವೇನೆಂದರೆ, ಅನ್ನ ಸಿಕ್ಕದ ದಿನ ಬೆಕ್ಕು ಹಸಿದು ಹಿತ್ತಿಲಲ್ಲಿ ಹಲ್ಲಿ ಜಿರಳೆಗಳನ್ನು ತಿನ್ನುತ್ತದೆ. ರೋಗಕ್ಕೆ ಅದೇ ಕಾರಣ. ದಿನವು ಒಂದೇ ಆದುದರಿಂದ ಎರಡು ಪಕ್ಷಗಳೂ ಸಮಬಲವಾಗಿದ್ದವು. ಇದನ್ನು ಬಿಡಿಸುವುದಕ್ಕೆ ಅನ್ವಯವ್ಯತಿರೇಕಗಳ ಹೊರತು ಬೇರೆ ದಾರಿಯಿಲ್ಲ: ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬುದನ್ನು ತೋರಿಸಬೇಕು. ಮುಂದಿನ ಏಕಾದಶಿಗೆ ಹುಡುಗನು ಅಜ್ಜಿಯನ್ನು ಒಪ್ಪಿಸಿ ಹಾಲನ್ನು ನಿಲ್ಲಿಸಿ, ಹಿಂದಿನ ದಿನದ ಮೊಸರನ್ನು ಮಾತ್ರ ಹಾಕಿದನು. ಬೆಕ್ಕು ಹಿತ್ತಿಲಿಗೆ ಹೋಯಿತು, ಹಲ್ಲಿಯನ್ನೂ ಹಿಡಿಯಿತು. ದ್ವಾದಶಿ ನಿರ್ವಿಘ್ನವಾಗಿ ಕಳೆಯಿತು. ಅದರ ಮುಂದಿನ ಏಕಾದಶಿಗೆ ಬಿಡದ ಮಳೆ. ಬೆಳ್ಳಿ ಹೊಸ್ತಿಲು ದಾಟಲಿಲ್ಲ. ಹುಡುಗನಿಗೆ ಪರೀಕ್ಷೆಯಿದ್ದುದರಿಂದ ಅವನು ಮನೆಯಲ್ಲಿರಲಿಲ್ಲ. ಮಳೆಯಲ್ಲಿ ನಡುಗುತ್ತಿದ್ದ ಪ್ರಾಣಿಯನ್ನು ಕಂಡು ಮನಸ್ಸು ತಡೆಯದೆ ಅಜ್ಜಿಯವರು ಬೆಚ್ಚಗಿನ ಹಾಲನ್ನಿಟ್ಟರು. ಬೆಳಗಿನ ಜಾವಕ್ಕೆ ಭೇದಿ. ಹಲ್ಲಿಯ ಮೇಲಣ ಅಪವಾದ ಅಲ್ಲಿಗೆ ನಿವೃತ್ತವಾಯಿತು.

ಮೊಸರನ್ನು ದಿನವೂ ತಿಂದು ಅರಗಿಸಿಕೊಳ್ಳುವ ಬೆಕ್ಕಿಗೆ ಹಾಲು ಹೇಗೆ ಆಗದೆಂದು ಗೃಹಸ್ಥರು ಕೇಳಿದರು. ನ್ಯಾಯವಾದ ಪ್ರಶ್ನೆ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ; ಹಸುವಿನ ಹಾಲಿನ ನೂರು ಗ್ರಾಮಿನಲ್ಲಿ ಸುಮಾರು ೫ ಗ್ರಾಮು. ಇದನ್ನು ಒಡೆದು ಜೀರ್ಣಿಸುವ ಲ್ಯಾಕ್ಟೇಸ್ ಎಂಬ ದ್ರವ್ಯವು ಮರಿಯ ಕರುಳಿನಲ್ಲಿ ಹೇರಳವಾಗಿದ್ದು, ಮೊಲೆ ಬಿಟ್ಟ ಮೇಲೆ ಕ್ರಮಕ್ರಮವಾಗಿ ಕಡಮೆಯಾಗುವುದು. ಒಡೆಯದೆ ಉಳಿದ ಸಕ್ಕರೆಯು ದೊಡ್ಡ ಕರುಳಿಗಿಳಿದು ನೀರನ್ನು ತನ್ನ ಕಡೆಗೆ ಸೆಳೆಯುವುದು. ಅಲ್ಲಿರುವ ಸೂಕ್ಷ್ಮಾಣುಗಳು ಅದನ್ನು ಹುಳಿಸಿ ವಾಯುವನ್ನೂ ಆಮ್ಲವನ್ನೂ ಹುಟ್ಟಿಸುವುವು. ಇದೇ ಭೇದಿ. ಹಾಲು ಹೆಪ್ಪುಗಟ್ಟಿ ಮೊಸರಾಗುವಾಗ ಹೆಪ್ಪಿನ ಸೂಕ್ಷ್ಮಾಣುಗಳು ಈ ಸಕ್ಕರೆಯ ಒಂದು ಭಾಗವನ್ನು ತಾವೇ ತಿಂದುಬಿಡುತ್ತವೆ. ಮೇಲಾಗಿ ಅನ್ನಕ್ಕೆ ಕಲಸುವ ಮೊಸರೆಷ್ಟು, ಬಟ್ಟಲು ತುಂಬ ಹಾಲೆಷ್ಟು! ಒಂದು ಚಮಚ ಹಾಲನ್ನು ತಡೆದುಕೊಳ್ಳುವ ಬೆಕ್ಕು ಒಂದು ಬಟ್ಟಲನ್ನು ತಡೆಯಲಾರದು. ಇದರಲ್ಲಿ ಒಂದು ವಿನೋದವೂ ಉಂಟು. ಸಿಹಿಯನ್ನು ಗ್ರಹಿಸುವುದಕ್ಕೆ ಬೇಕಾದ ವಂಶವಾಹಿಯೊಂದು ಬೆಕ್ಕಿನಲ್ಲಿ ಕೆಟ್ಟುಹೋಗಿದೆಯೆಂದು ೨೦೦೫ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಯಾವ ಸಕ್ಕರೆ ಅದರ ಹೊಟ್ಟೆಯನ್ನು ಕೆಡಿಸುತ್ತದೆಯೋ ಅದರ ರುಚಿಯೇ ಅದಕ್ಕೆ ತಿಳಿಯದು.

ಕಾರಣವೇನೋ ಸಿಕ್ಕಿತು; ಅಜ್ಜಿಯವರಿಗೆ ಹೇಳುವವರಾರು? ಉಪವಾಸದ ದಿನ ಒಂದು ಜೀವಕ್ಕೆ ಹಾಲೆರೆಯುವುದು ಅವರಿಗೆ ವ್ರತದ ಒಂದು ಅಂಗವೇ ಆಗಿತ್ತು. “ನಾನು ಕುಡಿದು ಅದಕ್ಕೆ ಇಲ್ಲವೆನ್ನಲೇ ಮೇಷ್ಟ್ರೇ?” ಎಂದು ಅವರು ನಮ್ಮನ್ನು ಕೇಳಿದಾಗ ಶಾಸ್ತ್ರವನ್ನು ತೆಗೆದುಕೊಂಡು ಅವರೊಡನೆ ವಾದಿಸುವ ಮನಸ್ಸು ನಮಗಾಗಲಿಲ್ಲ. ವೈದ್ಯರು ಬೆಕ್ಕಿಗೆಂದೇ ಮಾಡಿದ ಪೊಟ್ಟಣದ ಆಹಾರವನ್ನು ಹಾಕುವಂತೆ ಹೇಳಿದ್ದರು. ಅದರಲ್ಲಿ ಮಾಂಸವಿರುವುದಲ್ಲವೇ? ಈ ತೊಡಕನ್ನು ಬಿಡಿಸಿದವರೂ ಅಜ್ಜಿಯವರೇ. “ಇಲಿ ತಿನ್ನುವ ಪ್ರಾಣಿ, ಅದರ ಧರ್ಮ ಅದಕ್ಕೆ. ಹಿತ್ತಿಲ ಒಗೆಯುವ ಕಲ್ಲಿನಾಚೆ ಹಾಕಿಕೊಳ್ಳಿ, ಒಳಗೆ ತರಬೇಡಿ” ಎಂದರು. ಏಕಾದಶಿಯ ದಿನ ತಮ್ಮ ಕೈಯಿಂದ ಒಂದು ಚಮಚ ಮೊಸರು ಹಾಕುವುದೆಂದು ಗೊತ್ತಾಯಿತು. ಹಳೆಯ ಆಹಾರದ ಜೊತೆಗೆ ಹೊಸದನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಸುಮಾರು ಒಂದು ವಾರದಲ್ಲಿ ಪೂರ್ತಿ ಬದಲಾಯಿಸಿದರು. ಒಂದೇ ದಿನ ಬದಲಾಯಿಸಿದ್ದರೆ ಅದರಿಂದಲೇ ಹೊಸ ಭೇದಿ ಹುಟ್ಟುತ್ತಿತ್ತೇನೋ. ಆ ಬಳಿಕ ನಾಲ್ಕು ಏಕಾದಶಿಗಳು ಕಳೆದಿವೆ. ಗೋಣೀಚೀಲ ಅಟ್ಟಕ್ಕೆ ಹೋಯಿತು.

ಪೊಟ್ಟಣದ ಆಹಾರದ ವಿಷಯದಲ್ಲಿ ಇನ್ನೊಂದು ಮಾತು. ಮೊಸರನ್ನವೊಂದರಿಂದಲೇ ಬೆಕ್ಕನ್ನು ಸಾಕುತ್ತೇವೆಂಬುವರು, ಅದು ರಾತ್ರಿ ಹೊರಗೆ ಹೋಗಿ ಇಲಿ ಹಿಡಿದು ಬದುಕಿಕೊಂಡಿದೆ ಎಂಬುದನ್ನು ಮರೆಯುತ್ತಾರೆ. ಟಾರೀನ್ ಎಂಬ ದ್ರವ್ಯವು ಮಾಂಸದಲ್ಲಿ ಮಾತ್ರ ಸಾಕಷ್ಟಿರುವುದು. ಬೆಕ್ಕು ಅದನ್ನು ತನಗೆ ಬೇಕಾದಷ್ಟು ಮೈಯೊಳಗೆ ತಯಾರಿಸಿಕೊಳ್ಳಲಾರದು. ಅದು ಸಾಲದಿದ್ದರೆ ಕಣ್ಣಿನ ಅಕ್ಷಿಪಟ ನಾಶವಾಗುವುದೆಂದು ೧೯೭೫ರಲ್ಲಿಯೂ, ಹೃದಯ ಹಿಗ್ಗಿ ದುರ್ಬಲವಾಗುವುದೆಂದು ೧೯೮೭ರಲ್ಲಿಯೂ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಮಹಡಿಯ ಮನೆಗಳಲ್ಲಿ ಬಾಗಿಲು ಮುಚ್ಚಿ ಬೆಕ್ಕನ್ನು ಸಾಕುವವರು ಇದನ್ನು ನೆನಪಿನಲ್ಲಿಡಬೇಕು. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರನ್ನವಂತೂ ಯಾವ ಬೆಕ್ಕಿಗೂ ಸಲ್ಲದು. ಅದು ಕೆಂಪು ರಕ್ತಕಣಗಳನ್ನು ಒಡೆಯುವುದು.

ಎಲ್ಲ ಬೆಕ್ಕುಗಳ ರೋಗವೂ ಪಂಚಾಂಗದಲ್ಲಿ ಸಿಕ್ಕುವುದಿಲ್ಲ. ದಿನವೂ ತಿನ್ನುವ ಆಹಾರದಲ್ಲಿಯೇ ಒಂದು ಪದಾರ್ಥ ಒಗ್ಗದಿದ್ದರೆ ರೋಗಕ್ಕೆ ತಿಥಿಯಿಲ್ಲ, ವಾರವಿಲ್ಲ. ಬೆಕ್ಕುಗಳಿಗೆ ಹೆಚ್ಚಾಗಿ ಒಗ್ಗದಿರುವುದು ದನದ ಮಾಂಸ, ಮೀನು, ಕೋಳಿ. ಮೀನೇ ಪ್ರಧಾನವಾದ ಕರಾವಳಿಯ ಮನೆಗಳವರು ಇದನ್ನು ಕೇಳಿ ನಗಬಹುದು. ಆದರೆ ಅಭ್ಯಾಸವಾದ ಆಹಾರಕ್ಕೇ ಈ ದ್ವೇಷ ಹುಟ್ಟುವುದು, ಎಂದೂ ತಿನ್ನದಿದ್ದುದಕ್ಕಲ್ಲ. ಅಂತಹ ಸಂದರ್ಭದಲ್ಲಿ ವೈದ್ಯರ ಸಲಹೆಯಂತೆ ಬೆಕ್ಕು ಹಿಂದೆ ತಿಂದಿರದ ಒಂದೇ ಬಗೆಯ ಮಾಂಸದ ಆಹಾರವನ್ನೋ, ಅದಕ್ಕಾಗಿಯೇ ತಯಾರಿಸಿದ ಪಥ್ಯದ ಆಹಾರವನ್ನೋ ಕೊಟ್ಟು ಮಿಕ್ಕೆಲ್ಲವನ್ನೂ ನಿಲ್ಲಿಸಬೇಕು. ಕರುಳಿನ ತೊಂದರೆಯಾದರೆ ಗುಣವು ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಕಾಣುವುದು. ಆಮೇಲೆ ಹಳೆಯ ಆಹಾರವನ್ನು ಪುನಃ ಕೊಟ್ಟು ರೋಗ ಮರಳುವುದೇ ಎಂದು ನೋಡಿದಲ್ಲದೆ ನಿಶ್ಚಯವಾಗದು. ಈ ಪರೀಕ್ಷೆ ಕೆಡುವುದು ಬಹುಮಟ್ಟಿಗೆ ಮನೆಯವರ ಪ್ರೀತಿಯಿಂದ. ಮಗು ಬಿಸ್ಕತ್ತಿನ ಚೂರನ್ನು ಹಾಕುವುದು. ಪಕ್ಕದ ಮನೆಯವರು ಮೀನಿನ ತಲೆಯನ್ನು ಕರೆದು ಕೊಡುವರು. ಮನೆಯಲ್ಲಿ ಎಷ್ಟು ಕೈಗಳಿವೆಯೋ ಅಷ್ಟೂ ಕೈಗಳನ್ನು ಕಟ್ಟಿಹಾಕಿದ ಹೊರತು ಪಥ್ಯ ನಡೆಯದು.

ಹತ್ತು ವರ್ಷ ದಾಟಿದ ಬೆಕ್ಕಿನ ವಿಷಯವೇ ಬೇರೆ. ಅದು ಚೆನ್ನಾಗಿ ತಿನ್ನುತ್ತ, ಮೊದಲಿಗಿಂತ ಹೆಚ್ಚಾಗಿಯೇ ತಿನ್ನುತ್ತ, ಆದರೂ ಇಳಿದುಹೋಗುತ್ತ, ನಡುನಡುವೆ ಕಾರುತ್ತಿದ್ದರೆ ಥೈರಾಯ್ಡ್ ಗ್ರಂಥಿಯ ಅತಿಸ್ರಾವವನ್ನು ಶಂಕಿಸಬೇಕು. ಬೆಕ್ಕುಗಳಲ್ಲಿ ಈ ರೋಗವನ್ನು ಮೊದಲು ವರ್ಣಿಸಿದುದು ೧೯೭೯ರಲ್ಲಿ. ಈಗ ರಕ್ತಪರೀಕ್ಷೆಯಿಂದ ಗೊತ್ತಾಗುವುದು, ಔಷಧದಿಂದ ಹತೋಟಿಗೆ ಬರುವುದು. ತಿನ್ನುವುದು ಕಡಮೆಯಾಗಿ ನೀರು ಕುಡಿಯುವುದು ಹೆಚ್ಚಾಗಿದ್ದರೆ ಮೂತ್ರಪಿಂಡವನ್ನು ನೋಡಿಸಬೇಕು. ಕರುಳಿನ ಬಹುಕಾಲದ ಉರಿಯೂತಕ್ಕೂ ಒಂದು ಬಗೆಯ ನಿಧಾನವಾಗಿ ಬೆಳೆಯುವ ಅರ್ಬುದಕ್ಕೂ ಹೊರಗಿನ ಲಕ್ಷಣದಲ್ಲಿ ಭೇದವೇ ಕಾಣದು. ಧ್ವನಿತರಂಗದ ಸ್ಕ್ಯಾನನ್ನೂ, ಕೆಲವು ಸಲ ಕರುಳಿನ ಚೂರನ್ನು ತೆಗೆದು ನೋಡುವುದನ್ನೂ ಮಾಡಬೇಕಾಗುವುದು. ಊರಿನ ಪಶುಚಿಕಿತ್ಸಾಲಯದಲ್ಲಿ ಇದಕ್ಕೆ ಸೌಕರ್ಯವಿಲ್ಲದಿದ್ದರೆ ಎಲ್ಲಿಗೆ ಒಯ್ಯಬೇಕೆಂದು ಅಲ್ಲಿಯ ವೈದ್ಯರನ್ನೇ ಕೇಳಬೇಕು. ಬೆಂಗಳೂರಿನ ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯ ಕಾಲೇಜುಗಳಿವೆ.

ಇಳಿದುಹೋಗುತ್ತಿದೆಯೇ ಎಂಬುದನ್ನು ಕಣ್ಣಿನಿಂದ ಅಳೆಯುವುದು ಕಷ್ಟ. ದಿನವೂ ನೋಡುವ ಕಣ್ಣಿಗೆ ವ್ಯತ್ಯಾಸ ಹೊಳೆಯುವುದಿಲ್ಲ, ಬಿಳಿಯ ರೋಮ ಬೇರೆ ಮರೆಮಾಡುವುದು. ತಿಂಗಳಿಗೊಂದು ಸಲ ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು, ಒಂದರಿಂದ ಒಂದನ್ನು ಕಳೆದು ಬರೆದಿಡಿ. ನಾಲ್ಕು ಕಿಲೋ ತೂಗುವ ಬೆಕ್ಕಿನಲ್ಲಿ ೪೦೦ ಗ್ರಾಮು ಕಡಮೆಯಾದರೆ ಅರವತ್ತು ಕಿಲೋ ತೂಗುವ ಮನುಷ್ಯನು ಆರು ಕಿಲೋ ಇಳಿದಂತೆ. ಅಷ್ಟಾದ ಮೇಲೆ ಇನ್ನೊಂದು ತಿಂಗಳು ಕಾಯದೆ, ಬರೆದಿಟ್ಟ ಪುಸ್ತಕವನ್ನೂ ಆ ದಿನದ ಮಲದ ಮಾದರಿಯನ್ನೂ ಒಂದು ಮುಚ್ಚಳದ ಡಬ್ಬಿಯಲ್ಲಿ ತೆಗೆದುಕೊಂಡು, ಬೆಕ್ಕಿನೊಡನೆ ವೈದ್ಯರಲ್ಲಿಗೆ ಹೊರಡಿ.